ಟೋಪಿಯೊಳಗಿನ ಹುಲ್ಲುಗಾವಲು

"ಆ ಗುಂಡು ಇಲ್ಲಿ ಕೊಡು," ಎಂದಳು ಯಾಂಗ್ಕಿ.

ಥರ್ಚಿನ್ ಕೊಡಲಿಲ್ಲ. ಕುರಿದೊಗಲ ನಿಲುವಂಗಿಯ ಎದೆಯೊಳಗೆ ಕೈ ಹಾಕಿ ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿಕೊಂಡ. ಅದು ಅವನ ತಾತನ ಕೋವಿಯದು, ಕುರಿಯ ಕಣ್ಣಿನಷ್ಟು ದಪ್ಪದ ಸೀಸದ ಗುಂಡು. ಕೋವಿ ಎಂದೋ ಹೋಗಿತ್ತು, ತಾತನೂ ಹೋಗಿದ್ದ. ಗುಂಡು ಮಾತ್ರ ಮನೆತನದ ಗುರುತಾಗಿ ಉಳಿದುಕೊಂಡಿತ್ತು.

"ನಮ್ಮ ತಾತಂದು ಕಣೆ ಇದು. ನಮ್ಮಪ್ಪನೂ ಪಾಲೆತ್ತುವಾಗ ಇದನ್ನೇ ಹಾಕ್ತಿದ್ದ."

"ಹಾಕಿ? ನಿಮ್ಮಪ್ಪನಿಗೆ ಯಾವ ನೆಲ ಬರ್ತಿತ್ತು?"

ಥರ್ಚಿನ್ ಗುಡಾರದ ಕಂಬವನ್ನು ನೋಡಿದ. ಅಪ್ಪನಿಗೂ ಬರುತ್ತಿದ್ದದ್ದು ಗಾಳಿಬೆನ್ನೇ.

ಆ ಕಣಿವೆಯಲ್ಲಿ ಒಂಬತ್ತು ಗುಡಾರ, ಒಂಬತ್ತು ಮೇವಿನ ನೆಲ. ಮೂರು ವರ್ಷಕ್ಕೊಮ್ಮೆ, ಹಿಮ ಕರಗಿ ಹೊಸ ಹುಲ್ಲು ತಲೆಯೆತ್ತುವ ಹೊತ್ತಿಗೆ, ಒಂಬತ್ತೂ ಮನೆಯ ಯಜಮಾನರು ಗೋಬಾ ಎಂದು ಕರೆಯುವ ಊರಿನ ಮುಖಂಡನ ಗುಡಾರದ ಮುಂದೆ ಸೇರಿ, ತಮ್ಮ ತಮ್ಮ ಗುರುತನ್ನು ಅವನ ಟೋಪಿಗೆ ಹಾಕುತ್ತಿದ್ದರು. ಗೋಬಾ ಟೋಪಿ ಕುಲುಕುವನು. ಎಲ್ಲಕ್ಕಿಂತ ಒಳ್ಳೆಯ ನೆಲದ ಹೆಸರನ್ನು ಮೊದಲು ಕೂಗುವನು, ಆಮೇಲೆ ಅದಕ್ಕಿಂತ ಕಡಿಮೆಯದು, ಹೀಗೆ. ಒಂದೊಂದು ಹೆಸರಿಗೂ ಒಂದೊಂದು ಗುರುತು ಹೊರಗೆ ಬರುವುದು. ಮೊದಲು ಕೂಗುವ ಹೆಸರು ಬಿಸಿಒರತೆ. ಕೊನೆಯದು ಗಾಳಿಬೆನ್ನು.

ಗಾಳಿಬೆನ್ನು ಎಂದರೆ ದೇವತೆಗಳು ಬೆಟ್ಟ ಕಟ್ಟಿ ಮುಗಿಸಿ, ಮಿಕ್ಕ ಜಲ್ಲಿಯನ್ನು ಸುರಿದುಹೋದ ಜಾಗ ಎಂದು ಊರೇ ನಗುತ್ತಿತ್ತು. ಅಲ್ಲಿ ಹುಲ್ಲೇ ಇಲ್ಲವೆಂದಲ್ಲ, ಇತ್ತು. ಒಂದು ಗರಿಕೆಗೂ ಇನ್ನೊಂದು ಗರಿಕೆಗೂ ಮಾತುಕತೆ ಇರಲಿಲ್ಲ, ಅಷ್ಟೆ. ಯಾಂಗ್ಕಿ ಮದುವೆಯಾಗಿ ಬಂದ ಮೇಲೆ ಮೂರು ಸಲ ಪಾಲೆತ್ತಿದ್ದಾಗಿತ್ತು. ಮೂರು ಸಲವೂ ಅದೇ. ಹೋದ ಚಳಿಯ ಕೊನೆಯಲ್ಲಿ ಹುಟ್ಟಿದ ಮೇಕೆಮರಿಗಳಲ್ಲಿ ಅರ್ಧಕ್ಕರ್ಧ ಬದುಕಲಿಲ್ಲ. ತಾಯಂದಿರ ಕೆಚ್ಚಲಲ್ಲಿ ಹಾಲಿದ್ದರೆ ತಾನೆ? ಒಂದು ಸಂಜೆ ಥರ್ಚಿನ್ ಒಲೆಯ ಮುಂದೆ ಕುಳಿತು, ಹೆಂಡತಿಯ ಮುಖ ನೋಡದೆ, "ಈ ಸಲವೂ ಅದೇ ಬಂದರೆ ಮಂದೆ ಮಾರಿಬಿಡೋಣ. ಪೇಟೇಲಿ ರಸ್ತೆ ಕೆಲಸ ಇದ್ದೇ ಇರುತ್ತೆ," ಎಂದಿದ್ದ. ಅವನು ಹೆಚ್ಚು ಮಾತಿನವನಲ್ಲ, ಆಡಿದರೆ ಮಾಡಿಬಿಡುವವನು. ಅಂದಿನಿಂದ ಯಾಂಗ್ಕಿಗೆ ನೆಟ್ಟಗೆ ನಿದ್ದೆಯಿಲ್ಲ. ಅವಳ ಅಣ್ಣ ಹಾಗೇ ಮಂದೆ ಮಾರಿ ಪೇಟೆ ಸೇರಿದ್ದ. ತಗಡಿನ ಮನೆ, ಡಾಂಬರಿನ ವಾಸನೆ, ಹಾಲನ್ನೂ ಅಂಗಡಿಯಿಂದ ತರಬೇಕು. ಮಲಗಿದಾಗ ಅವನ ಬಲಗೈ ಈಗಲೂ ಕವಣೆ ಬೀಸುವ ಹಾಗೆ ಅದುರುತ್ತದೆ ಎಂದು ಅತ್ತಿಗೆ ಹೇಳಿದ್ದಳು. ಯಾಂಗ್ಕಿಗೆ ಆ ಬಾಳು ಬೇಡವೇ ಬೇಡವಾಗಿತ್ತು.

ವಿಷಯ ಹೊಳೆದದ್ದು ಹಿಂದಿನ ದಿನ, ಹುರಿಹಿಟ್ಟಿಗೆಂದು ಬಾರ್ಲಿ ಹಸನು ಮಾಡುವಾಗ. ಮರದ ಬಟ್ಟಲಿಗೆ ಕಾಳು ಹಾಕಿ ಕುಲುಕಿದಳು. ಕಲ್ಲು ತಳಕ್ಕಿಳಿಯಿತು, ಕಾಳು ಮೇಲೆ ಬಂತು. ಹುಟ್ಟಿದಂದಿನಿಂದ ಮಾಡುತ್ತ ಬಂದ ಕೆಲಸ. ಆದರೆ ಅಂದು ಅವಳ ಕೈ ಅಲ್ಲೇ ನಿಂತುಬಿಟ್ಟಿತು.

"ಕೇಳಿಲ್ಲಿ," ಎಂದಳು ಈಗ, ಗಂಡನ ಎದುರಿಗೇ ಕುಕ್ಕರಗಾಲಲ್ಲಿ ಕುಳಿತು. "ದುಂಡುಪ್ ಅಣ್ಣ ಏನು ಹಾಕ್ತಾನೆ ಟೋಪಿಗೆ?"

"ಕವಡೆ."

"ಸಂಫೆಲ್?"

"ಹವಳದ ಚೂರು. ಎಲ್ಲಾ ನಿಂಗೂ ಗೊತ್ತಲ್ಲ, ಈಗ್ಯಾಕೆ ಅದು?"

"ನೀನು ಏನು ಹಾಕ್ತೀಯಾ? ಸೀಸ! ಗೋಬಾ ಕುಲುಕಿದ್ದೇ ಕುಲುಕಿದ್ದು, ಅದು ಹೋಗಿ ತಳದಲ್ಲಿ ಕೂರುತ್ತೆ. ಎತ್ತೋರು ಮೇಲಿಂದ ಒಂದೊಂದೇ ಎತ್ಕೊಂಡು ಬರ್ತಾರೆ. ಮೇಲಿದ್ದೋರಿಗೆ ಒಳ್ಳೊಳ್ಳೆ ನೆಲ, ತಳದಲ್ಲಿರೋನಿಗೆ ಗಾಳಿಬೆನ್ನು. ಇದು ಹಣೆಬರಹ ಅಲ್ಲ ಕಣಯ್ಯಾ, ತೂಕ!"

ಥರ್ಚಿನ್ ಎದೆಯೊಳಗಿಂದ ಗುಂಡನ್ನು ಮೆಲ್ಲಗೆ ಹೊರತೆಗೆದು ಅಂಗೈ ಮೇಲಿಟ್ಟುಕೊಂಡ. ಇಷ್ಟು ದಿನ ಸಾಕಿದ ನಾಯಿ ಕಚ್ಚಿದಂತೆ ಅದನ್ನೇ ನೋಡಿದ.

"ಹಾಗಾದ್ರೆ ನಮ್ಮಪ್ಪ..."

"ನಿಮ್ಮಪ್ಪನೂ."

"ಅಯ್ಯೋ ಶಿವನೆ" ಎನ್ನುವ ನಾಡಾಗಿದ್ದರೆ ಹಾಗೆನ್ನುತ್ತಿದ್ದನೇನೋ. ಅವನು "ಓಂ ಮಣಿ ಪದ್ಮೆ" ಎಂದು ಅರ್ಧಕ್ಕೇ ನಿಲ್ಲಿಸಿ ನಕ್ಕುಬಿಟ್ಟ. ಯಾಂಗ್ಕಿ ತಾನು ಆಗಲೇ ಕಟ್ಟಿಟ್ಟಿದ್ದ ಸಣ್ಣದೊಂದು ಗಂಟನ್ನು ಅವನ ಕೈಗಿತ್ತಳು. ಬಿಳಿ ಮೇಕೆಯ ಕುತ್ತಿಗೆಯಿಂದ ಬಾಚಿ ತೆಗೆದ ಎಳೆ ಉಣ್ಣೆಯ ಗಂಟು. ಹಿಡಿದರೆ ಹಿಡಿದದ್ದೇ ಗೊತ್ತಾಗದಷ್ಟು ಹಗುರ.

"ಇದು ಗಾಳಿಗೆ ಹಾರಿಹೋದ್ರೆ?"

"ಟೋಪಿಯೊಳಗೆ ಯಾವ ಗಾಳಿ ಬರುತ್ತೆ? ನಡಿ ನಡಿ."

ಹೆಂಡತಿಯ ಬುದ್ಧಿಗೆ ತಲೆದೂಗಿ ಥರ್ಚಿನ್ ಹೊರಟ. ಯಾಂಗ್ಕಿಯ ಲೆಕ್ಕಾಚಾರದಲ್ಲಿ ಎಲ್ಲವೂ ಇತ್ತು, ಒಂದನ್ನು ಬಿಟ್ಟು. ಆ ವರ್ಷ ಗೋಬಾ ಬದಲಾಗಿದ್ದ. ಹಳೆಯ ಗೋಬಾನದು ಬೆಣ್ಣೆಯ ಜಿಡ್ಡು ಹಿಡಿದು ನುಣುಪಾದ ಕಂಬಳಿ ಟೋಪಿ. ಹೊಸ ಗೋಬಾ ಸಂಫೆಲ್, ಪದವಿಗೆ ತಕ್ಕ ಹಾಗಿರಲಿ ಎಂದು, ಪೇಟೆಯಿಂದ ಒಳಗೂ ಹೊರಗೂ ನರಿಯ ತುಪ್ಪಳವಿದ್ದ ಟೋಪಿ ತರಿಸಿದ್ದ.

ಗೋಬಾನ ಗುಡಾರದ ಮುಂದೆ ಬೆರಣಿಯ ಹೊಗೆ, ಉಪ್ಪುಬೆಣ್ಣೆಯ ಚಹಾದ ಹಬೆ, ನಾಯಿಗಳ ಜಗಳ. ಗಂಡಸರು ವೃತ್ತವಾಗಿ ಕುಳಿತಿದ್ದರು. ಹೆಂಗಸರು ಒಲೆಯ ಕಡೆ. ಯಾಂಗ್ಕಿ ಚಹಾ ಕಡೆಯುವ ಕೊಳವೆಗೆ ಕೈ ಹಾಕಿದಳೇ ಹೊರತು ಕಣ್ಣು ಅತ್ತಲೇ ನೆಟ್ಟಿತ್ತು.

ದುಂಡುಪ್‌ನ ದನಿ ಎಂದಿನಂತೆ ಎಲ್ಲರಿಗಿಂತ ಮೇಲಿತ್ತು. ಆಳು ದೊಡ್ಡವನು, ಮಂದೆ ದೊಡ್ಡದು, ಬಾಯಿ ಅವೆರಡಕ್ಕಿಂತ ದೊಡ್ಡದು. ಕೇಡಿಗನಲ್ಲ; ಹಿಮ ಬಿದ್ದ ವರ್ಷ ಕೇಳುವ ಮೊದಲೇ ಮೇವು ಹಂಚಿದವನು. ಆದರೆ ಹಂಚಿದ್ದನ್ನು ಮುಂದಿನ ಹಿಮ ಬೀಳುವವರೆಗೂ ಹೇಳಿಕೊಂಡು ತಿರುಗಿದವನು.

"ಬಾರಪ್ಪಾ, ಗಾಳಿಬೆನ್ನಿನ ದೊರೆ!" ಎಂದು ಥರ್ಚಿನ್ನನ್ನು ಕರೆದ. "ಗುಡಾರ ಬಿಚ್ಕೊಂಡು ಬಂದ್ಯೋ, ಅಲ್ಲೇ ಬಿಟ್ಟು ಬಂದ್ಯೋ? ಹೇಗೂ ವಾಪಸ್ ಅಲ್ಲಿಗೇ ತಾನೆ?"

"ಬಿಚ್ಚಿದ್ದೀನಿ ಅಣ್ಣ," ಎಂದ ಥರ್ಚಿನ್.

"ಸುಮ್ನೆ ಹಗ್ಗ ಸವೆಸ್ತೀಯ."

ಎಲ್ಲರೂ ನಕ್ಕರು. ಥರ್ಚಿನ್ನೂ ನಕ್ಕ, ಅವನಿಗೆ ಅಭ್ಯಾಸವಾಗಿಹೋಗಿತ್ತು. ಗೋಬಾ ಟೋಪಿ ಕಳಚಿ, ಕಿವಿಮುಚ್ಚುವ ಪಟ್ಟಿಗಳನ್ನು ಮೇಲೆತ್ತಿ ಮಡಿಸಿ ಅಂಗಾತ ಹಿಡಿದ. ಗುರುತುಗಳು ಒಂದೊಂದಾಗಿ ಬಿದ್ದವು. ಕವಡೆ, ಹವಳ, ಉಂಗುರ, ಚಕಮಕಿ ಕಲ್ಲಿನ ಚೂರು, ಕುರಿಯ ಗಿಣ್ಣಿನ ಮೂಳೆ. ಥರ್ಚಿನ್ ಉಣ್ಣೆಯ ಗಂಟನ್ನು ಹಾಕುವಾಗ ದುಂಡುಪ್ ಕತ್ತು ಚಾಚಿದ.

"ಏ! ಗುಂಡೆಲ್ಲಿ? ನೋಡ್ರಪ್ಪಾ ಎಲ್ಲಾ, ಈ ಸಲ ಗುಂಡು ಹೋಗಿ ಉಣ್ಣೆ ಬಂದಿದೆ! ಏನೋ, ಅದೃಷ್ಟಕ್ಕೆ ಚಳಿ ಆಗುತ್ತೆ ಅಂತ ಕಂಬಳಿ ಹೊದಿಸಿದ್ಯಾ?"

ಮತ್ತೆ ನಗು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ದುಂಡುಪ್‌ಗೆ ಅದರ ಬೆಲೆ ಸ್ವಲ್ಪ ಹೊತ್ತಿನಲ್ಲೇ ತಿಳಿಯುವುದಿತ್ತು.

ಗುರುತು ಎತ್ತುವವಳು ಪಲ್ಮೊ ಅಜ್ಜಿ. ಅವಳಿಗೆ ಮಂದೆಯಿಲ್ಲ, ಗುಡಾರವಿಲ್ಲ. ತಿಂಗಳಿಗೊಂದು ಮನೆಯಂತೆ ಎಲ್ಲರ ಒಲೆಯ ಮುಂದೂ ಕೂರುವವಳು. ಕಣ್ಣಿಗೆ ಪೊರೆ ಬಂದಿತ್ತು. ಯಾರ ಪಕ್ಷವೂ ಇಲ್ಲದವಳು, ಏನೂ ಕಾಣದವಳು ಎಂದು ಆ ಕೆಲಸ ಅವಳಿಗೇ ಮೀಸಲು. ಗೋಬಾ ಟೋಪಿಯನ್ನು ಚೆನ್ನಾಗಿ ಕುಲುಕಿ ಅವಳ ಮುಂದೆ ಹಿಡಿದು ಕೂಗಿದ:

"ಬಿಸಿಒರತೆ!"

ಅಜ್ಜಿಯ ಕೈ ಒಳಗೆ ಹೋಗಿ ಹೊರಗೆ ಬಂತು. ಕವಡೆ.

"ಆಹಾ!" ಎಂದು ದುಂಡುಪ್ ತೊಡೆ ತಟ್ಟಿಕೊಂಡು ಎದ್ದೇಬಿಟ್ಟ. ಚಳಿಗಾಲದಲ್ಲೂ ಹೆಪ್ಪುಗಟ್ಟದ ನೀರು, ಮೊಣಕಾಲೆತ್ತರ ಹುಲ್ಲು. ಅವನ ಹೆಂಡತಿಗೆ ಒಲೆಯ ಕಡೆ ಎಲ್ಲರೂ ಚಹಾ ಬಡಿಸಿದರು. ಯಾಂಗ್ಕಿಯೂ ಬಡಿಸಿದಳು. ಪರವಾಗಿಲ್ಲ, ಇನ್ನೂ ಏಳು ಒಳ್ಳೆಯ ನೆಲ ಇವೆ ಎಂದುಕೊಂಡಳು.

ಎರಡನೆಯದು ಉಂಗುರ. ಮೂರನೆಯದು ಹವಳ, ಗೋಬಾನದೇ. ನಾಲ್ಕನೆಯದು, ಐದನೆಯದು. ಯಾಂಗ್ಕಿಯ ಕೈ ಕೊಳವೆಯ ಮೇಲೆ ನಿಂತಿತು. ಆರು. ಮೇಲೇ ತೇಲಬೇಕಾದ ಗಂಟು ಎಲ್ಲಿಗೆ ಹೋಯಿತು? ಏಳು. ಎಂಟನೆಯ ಹೆಸರು ಕೂಗಿದಾಗ ಅಜ್ಜಿಯ ಬೆರಳು ಒಳಗೆ ತಡಕಾಡಿ ಮೂಳೆಯನ್ನು ಎತ್ತಿಕೊಂಡು ಬಂತು.

ಕೊನೆಯದನ್ನು ಎತ್ತುವ ಪದ್ಧತಿಯಿರಲಿಲ್ಲ. ಉಳಿದ ನೆಲ ಉಳಿದವನಿಗೆ. ಗೋಬಾ ಗಂಟಲು ಸರಿಮಾಡಿಕೊಂಡು, "ಉಳಿದದ್ದು ಗಾಳಿಬೆನ್ನು. ಉಳಿದೋನು..." ಎಂದು ಅಷ್ಟಕ್ಕೇ ನಿಲ್ಲಿಸಿದ. ಈ ಸಲ ಯಾರೂ ನಗಲಿಲ್ಲ. ದುಂಡುಪ್ ಕೂಡ ಬೂಟಿನ ಪಟ್ಟಿ ಬಿಗಿದುಕೊಳ್ಳತೊಡಗಿದ.

"ಆಗಲಿ," ಎಂದ ಥರ್ಚಿನ್. ಎದ್ದು ನಿಂತು ನಿಲುವಂಗಿಯ ಧೂಳು ಕೊಡವಿದ. ಅವನ ಕಣ್ಣು ಬೆಟ್ಟದ ಕಡೆ ಹೋಗಲಿಲ್ಲ, ಕೆಳಗೆ ಪೇಟೆಗೆ ಹೋಗುವ ದಾರಿಯ ಕಡೆ ಹೋಯಿತು. ಯಾಂಗ್ಕಿಗೆ ಅದು ಕಂಡಿತು.

ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಗಂಡನ ಮೇಲಲ್ಲ, ದೇವರ ಮೇಲಲ್ಲ, ಆ ಗಂಟಿನ ಮೇಲೆ. ತಾನು ಬಾಚಿ, ತಾನು ಸುತ್ತಿ, ತಾನು ಬಿಗಿದ ಗಂಟು ತನಗೇ ಹೀಗೆ ಮಾಡುವುದೆಂದರೇನು! ಕೊಳವೆಯನ್ನು ಪಕ್ಕಕ್ಕೆ ತಳ್ಳಿ, ಗಂಡಸರ ವೃತ್ತವನ್ನು ಸೀಳಿಕೊಂಡು ಬಂದು ಗೋಬಾನ ಮುಂದೆ ನಿಂತಳು.

"ಗೋಬಾ, ನನ್ನ ಗಂಟು ಕೊಡಿ."

"ಇರಲಿ ಬಿಡಮ್ಮಾ, ಉಣ್ಣೆ ತಾನೆ?"

"ಬಿಳಿ ಮೇಕೇದು. ಕೊಡಿ."

ಗೋಬಾ ಟೋಪಿಗೆ ಕೈ ಹಾಕಿದ. ಮತ್ತೆ ಹಾಕಿದ. ಅಂಗಾತವಿದ್ದ ಟೋಪಿಯನ್ನು ಬೋರಲು ಮಾಡಿ ತೊಡೆಗೆ ಬಡಿದ. ಒಂದಿಷ್ಟು ನರಿಗೂದಲು ಉದುರಿತು.

"ಇದರಲ್ಲಿ ಏನೂ ಇಲ್ಲವಲ್ಲ!"

"ಏನೂ ಇಲ್ಲ ಅಂದ್ರೆ?" ಯಾಂಗ್ಕಿಯ ದನಿ ಏರಿತು. "ನನ್ನ ಗಂಡನ ಗುರುತೇ ಇಲ್ದೆ ಅವನಿಗೆ ಪಾಲು ಹೇಗೆ ಬಂತು?"

ಒಮ್ಮೆಲೇ ಎಲ್ಲರೂ ಎದ್ದರು. ಎಲ್ಲರಿಗೂ ಒಂದೊಂದು ಮಾತು. ಥರ್ಚಿನ್ ಹಾಕಿಯೇ ಇರಲಿಲ್ಲವೇನೋ ಎಂದು ಉಂಗುರದವನು ಗೊಣಗಿದ.

"ಹಾಕಿದ್ದ," ಎಂದಿತು ಒಂದು ಹಣ್ಣುಹಣ್ಣು ದನಿ. ಪಲ್ಮೊ ಅಜ್ಜಿ ಕುಳಿತಲ್ಲೇ ತಲೆಯಾಡಿಸುತ್ತಿದ್ದಳು. "ನಂಗೆ ಕಣ್ಣಿಲ್ಲ, ಕಿವಿ ಇದೆ. ಗುಂಡು ಹೋಗಿ ಉಣ್ಣೆ ಬಂತು ಅಂತ ಊರಿಗೆಲ್ಲ ಸಾರಿದೋನು ಯಾರಪ್ಪಾ?"

ಎಲ್ಲರ ಕಣ್ಣೂ ದುಂಡುಪ್ ಮೇಲೆ. ಅವನು ಬಾಯಿ ತೆರೆದ, ಮುಚ್ಚಿದ. ಆ ಬಾಯಿ ತಾನಾಗಿ ಮುಚ್ಚಿದ್ದನ್ನು ಊರವರು ಕಂಡದ್ದು ಅದೇ ಮೊದಲು.

ಗೋಬಾ ನೆಲದ ಮೇಲೆ ಕುಳಿತು ಟೋಪಿಯ ಒಳಪದರವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡತೊಡಗಿದ. ಅವನ ಹೆಂಡತಿ ಬಂದಳು, ಉಂಗುರದವನು ಬಂದ, ಮೂರು ತಲೆ ಒಂದು ಟೋಪಿಯ ಮೇಲೆ ಬಾಗಿದವು. ಕಂಬಳಿಯಲ್ಲಿ ಕೂದಲು ಹುಡುಕಿದ ಹಾಗೆ. ಕೊನೆಗೆ ಪಟ್ಟಿಯ ಮಡಿಕೆಯ ಮೂಲೆಯಲ್ಲಿ, ತುಪ್ಪಳದೊಳಗೆ ತುಪ್ಪಳವಾಗಿ ಹೆಣೆದುಕೊಂಡು ಕೂತಿದ್ದ ಗಂಟು ಸಿಕ್ಕಿತು. ಎಳೆದರೆ ಬರಲೊಲ್ಲದು. ಗೋಬಾನ ಹೊಸ ಟೋಪಿಯಿಂದ ಒಂದು ಚಿಟಿಕೆ ನರಿಗೂದಲನ್ನೂ ಕಿತ್ತುಕೊಂಡೇ ಹೊರಗೆ ಬಂತು.

ಯಾಂಗ್ಕಿ ತಲೆಗೆ ಕೈ ಹೊತ್ತಳು. ಹಗುರವಾದದ್ದು ಮೇಲೆ ಬರುತ್ತದೆಂದು ಯೋಚಿಸಿದ್ದಳೇ ಹೊರತು ಉಣ್ಣೆ ಉಣ್ಣೆಯನ್ನು ಬಿಡುವುದಿಲ್ಲವೆಂಬುದು, ಆಯುಷ್ಯವೆಲ್ಲ ಉಣ್ಣೆ ನೂತವಳಿಗೆ, ಹೊಳೆದೇ ಇರಲಿಲ್ಲ.

"ಸಿಕ್ತಲ್ಲ, ಸರಿ," ಎಂದ ದುಂಡುಪ್. "ಟೋಪಿಯೊಳಗೇ ಇತ್ತು. ಎತ್ತಿದ್ದು ಎತ್ತಿದ ಹಾಗೇ."

"ಎಲ್ಲಿ ಎತ್ತಿದ್ದು?" ಎಂದಳು ಯಾಂಗ್ಕಿ. "ಅಜ್ಜಿ ಕೈಗೆ ಸಿಗೋ ಹಾಗಿದ್ರೆ ತಾನೆ?"

"ಅದು ನಿನ್ನ ಗಂಡನ ಅದೃಷ್ಟ ಕಣಮ್ಮ. ನಾನೇನು ಅಂಟು ಹಾಕಿದ್ನಾ?"

"ಬಿಸಿಒರತೆ ಸಿಕ್ಕಿದ್ದಕ್ಕೆ ಅದೃಷ್ಟದ ಮೇಲೆ ಭಕ್ತಿ ಬಂತೇನಣ್ಣ ನಿಂಗೆ?"

ಹೆಂಗಸರ ಕಡೆಯಿಂದ ನಗು. ದುಂಡುಪ್‌ನ ಹೆಂಡತಿಯೂ ನಕ್ಕಳು. ಥರ್ಚಿನ್ ಮಾತ್ರ ಹೆಂಡತಿಯ ತೋಳು ಹಿಡಿದು, "ಸಾಕು ಬಾರೆ, ಜಗಳ ಬೇಡ," ಎಂದ. ಅವಳು ತೋಳು ಬಿಡಿಸಿಕೊಂಡಳು.

ಗೋಬಾ ಟೋಪಿಯನ್ನು ತಲೆಗೆ ಹಾಕುವುದೋ ಬಿಡುವುದೋ ತಿಳಿಯದೆ ಕೈಯಲ್ಲೇ ಹಿಡಿದಿದ್ದ. ಮೊದಲ ಪಾಲೇ ಹೀಗೆ ಎಡವಟ್ಟಾಯಿತೆಂದು ಅವನ ಕಿವಿ ಕೆಂಪಾಗಿತ್ತು. "ಅಜ್ಜೀ, ನೀನೇ ಹೇಳು," ಎಂದ.

ಪಲ್ಮೊ ಅಜ್ಜಿ ಅವಸರ ಮಾಡಲಿಲ್ಲ. ಬಟ್ಟಲಲ್ಲಿ ಉಳಿದ ಚಹಾ ಕುಡಿದು, ಬೆಣ್ಣೆಯ ಜಿಡ್ಡನ್ನು ಕೆನ್ನೆಗೆ ಸವರಿಕೊಂಡಳು.

"ನನ್ನನ್ನು ಕೂರಿಸಿದ್ದು ಒಂಬತ್ತು ಮನೆಗೆ ಎತ್ತು ಅಂತ," ಎಂದಳು. "ನಾನು ಎತ್ತಿದ್ದು ಎಂಟು ಮನೆಗೆ. ಒಂಬತ್ತನೇದು ಗೋಬಾನ ಟೋಪಿಲಿ ಸಂಸಾರ ಹೂಡಿತ್ತು. ಇದು ಪಾಲಲ್ಲ. ಮತ್ತೆ ಹಾಕಿ. ಈ ನರಿ ಬೇಡ, ಹಾಲು ಕರೆಯೋ ಮರದ ಕುಡಿಕೆ ತನ್ನಿ."

"ಹಾಕೋದು ಒಂದೇ ತೂಕದ್ದಾಗಿರಲಿ," ಎಂದಳು ಯಾಂಗ್ಕಿ ತಡವಿಲ್ಲದೆ. "ಒಬ್ಬರದು ಕವಡೆ, ಒಬ್ಬರದು ಸೀಸ ಬೇಡ. ಎಲ್ಲರದೂ ಉಣ್ಣೆ ಗಂಟೇ. ಮೇಲೆ ಅವರವರ ನಡುಕಟ್ಟಿನ ಬಣ್ಣದ ದಾರ ಸುತ್ತಲಿ."

"ಯಾಕೆ?" ಎಂದರು ಯಾರೋ. ಅವಳು ಹೇಳಿದಳು. ಬಟ್ಟಲು, ಬಾರ್ಲಿ, ಕಲ್ಲು, ಸೀಸದ ಗುಂಡು. ಎಲ್ಲರೂ ಥರ್ಚಿನ್ನನ್ನು ನೋಡಿದರು. ಅವನು ತಪ್ಪು ಮಾಡಿದವನಂತೆ ಗುಂಡನ್ನು ಹೊರತೆಗೆದು ತೋರಿಸಿದ. ಅದು ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬನೂ ಒಮ್ಮೆ ತೂಗಿ ನೋಡಿ ಮುಂದಿನವನಿಗೆ ಕೊಟ್ಟ. ಕೊನೆಗೆ ಅದು ದುಂಡುಪ್‌ನ ಕೈಗೆ ಬಂದಾಗ ಅವನು ಬಹಳ ಹೊತ್ತು ಅದನ್ನು ಹಿಡಿದುಕೊಂಡಿದ್ದ.

"ಥೂ, ಎಂಥ ಭಾರ ಮಾರಾಯ," ಎಂದ. ಆಮೇಲೆ ಕುಳಿತು, ಯಾರೂ ಹೇಳದೆ, ತನ್ನ ನಡುಕಟ್ಟಿನಿಂದ ಒಂದು ಕೆಂಪು ದಾರ ಎಳೆದ.

ಹೆಂಗಸರು ಒಂದೇ ಉಂಡೆಯಿಂದ ಒಂಬತ್ತು ಚಿಟಿಕೆ ಉಣ್ಣೆ ತೆಗೆದು ಗಂಟು ಕಟ್ಟಿಕೊಟ್ಟರು. ಗಂಡಸರು ದಾರ ಸುತ್ತಿದರು. ಥರ್ಚಿನ್ನನದು ನೀಲಿ. ಒಂಬತ್ತೂ ಕುಡಿಕೆಗೆ ಬಿದ್ದವು, ಒಂದರ ಸದ್ದೂ ಕೇಳಿಸಲಿಲ್ಲ. ಅಜ್ಜಿ ಒಳಗೆ ಕೈಯಾಡಿಸಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

"ಅಯ್ಯೋ ಎಲ್ಲಾ ಒಂದೇ ಥರ ಇವೆ! ಇಷ್ಟು ದಿನ ಬೆರಳಿಗೆ ಗೊತ್ತಾಗ್ತಿತ್ತು ಯಾವುದು ಯಾರದು ಅಂತ. ಯಾರ ಮನೆ ಚಹಾಕ್ಕೆ ಬೆಣ್ಣೆ ಜಾಸ್ತಿ ಅಂತಾನೂ ನೆನಪಿರ್ತಿತ್ತು."

ವೃತ್ತದಲ್ಲಿ ಉಸಿರೇ ಇಲ್ಲ. ಅಜ್ಜಿ ಆ ಮೌನವನ್ನು ಚೆನ್ನಾಗಿ ಸವಿದು, "ತಮಾಷೆಗಂದೆ ಕಣ್ರೋ," ಎಂದಳು. ಅದು ತಮಾಷೆಯೋ ಅಲ್ಲವೋ ಇಂದಿಗೂ ಆ ಕಣಿವೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಬಿಸಿಒರತೆ!"

ಯಾಂಗ್ಕಿ ಕಣ್ಣು ಮುಚ್ಚಿದಳು. ನೀಲಿ, ನೀಲಿ, ನೀಲಿ.

"ಕೆಂಪು," ಎಂದ ಗೋಬಾ, ನಂಬಲಾರದವನ ಹಾಗೆ.

ಒಂದು ಗಳಿಗೆ ಅದು ಯಾರ ದಾರವೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ದುಂಡುಪ್ ಹೋ ಎಂದು ಕೂಗಿ, ತನ್ನ ಟೋಪಿ ಎಸೆದು, ಪಕ್ಕದಲ್ಲಿದ್ದ ಉಂಗುರದವನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. "ಅದೇ! ಮತ್ತೆ ಅದೇ! ನೋಡಿದ್ರಾ? ತೂಕವಂತೆ ತೂಕ! ಯಾಂಗ್ಕಿ, ಹೇಳಮ್ಮ ಈಗ!" ಇನ್ನು ಮೂರು ವರ್ಷ ಅವನ ಬಾಯಿಗೆ ಬೀಗವಿಲ್ಲವೆಂದು ಎಲ್ಲರಿಗೂ ಖಾತ್ರಿಯಾಯಿತು. ಯಾಂಗ್ಕಿಗೂ ನಗು ತಡೆಯಲಾಗಲಿಲ್ಲ. ಕಣ್ಣು ಮಾತ್ರ ಕುಡಿಕೆಯ ಮೇಲೇ ಇತ್ತು.

ಎರಡನೆಯದು ಹಳದಿ. ಮೂರನೆಯದು ಹಸಿರು.

"ನಡುಹಳ್ಳ!"

ಅಜ್ಜಿಯ ಬೆರಳುಗಳ ನಡುವೆ ಒಂದು ಬಿಳಿ ಗಂಟು. ಗೋಬಾ ಅದನ್ನು ಬೆಳಕಿಗೆ ಹಿಡಿದ.

"ನೀಲಿ."

ನಡುಹಳ್ಳ ಹೆಸರಿಗೆ ತಕ್ಕ ಹಾಗೆ ನಡುವಿನದು. ಬಂದವರು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. "ಇದೆ, ಏನೋ ಒಂದು," ಎನ್ನುವಂಥದ್ದು. ಯಾರೂ ಅದಕ್ಕಾಗಿ ಕೂಗು ಹಾಕಿದ್ದು ಆ ಕಣಿವೆಯಲ್ಲಿ ಇಲ್ಲ. ಯಾಂಗ್ಕಿ ಹಾಕಿದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಮಂದೆಯನ್ನು ಕರೆಯುವಂಥ ಉದ್ದನೆಯ ಕೂಗು. ಎದುರು ಬೆಟ್ಟದ ಮೇಲೆ ಯಾರದೋ ನಾಯಿ ಬೊಗಳಿತು. ಥರ್ಚಿನ್ ಕುಳಿತೇ ಇದ್ದ. "ಏಳೋ, ನಿಂದೇ," ಎಂದು ಪಕ್ಕದವನು ತಿವಿದ ಮೇಲೂ, "ನಂದಾ? ಇನ್ನೊಂದ್ಸಲ ನೋಡಿ," ಎಂದ.

ಪಾಲು ಮುಂದುವರಿಯಿತು. ಕೊನೆಯ ಗಂಟನ್ನೂ ಎತ್ತಲೇಬೇಕೆಂದು ಅಜ್ಜಿ ಹಟ ಹಿಡಿದಳು. ಎತ್ತಿದಳು. ಕಿತ್ತಳೆ ದಾರ. ಗೋಬಾ ಅದನ್ನು ನೋಡಿದ, ತನ್ನ ನಡುಕಟ್ಟನ್ನು ನೋಡಿಕೊಂಡ. ಹೊಸ ಟೋಪಿಯನ್ನು ನಿಧಾನವಾಗಿ ತಲೆಗೆ ಹಾಕಿ ಕಿವಿಯ ಪಟ್ಟಿಗಳನ್ನು ಕೆಳಗಿಳಿಸಿಕೊಂಡ.

"ಒಳ್ಳೇದೇ ಆಯ್ತು ಬಿಡಿ ಗೋಬಾ," ಎಂದ ದುಂಡುಪ್. "ಅಲ್ಲಿಗೆ ಆ ಟೋಪಿನೇ ಸರಿ."

ಚಹಾ ಹೋಗಿ ಬಾರ್ಲಿಯ ಹೆಂಡ, ಛಾಂಗ್ ಬಂತು. ಹಾಡು ಶುರುವಾಯಿತು. ಯಾಂಗ್ಕಿ ಗಂಡನನ್ನು ಹುಡುಕಿಕೊಂಡು ಹೋದಾಗ ಅವನು ಗುಡಾರದ ಹಿಂದೆ ಗೋಬಾನ ಜೊತೆ ಕುಕ್ಕರಗಾಲಲ್ಲಿ ಕುಳಿತು, ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದ. "ಇಲ್ಲಿ ನಾನು ಕಟ್ಟಿದ ಗೋಡೆ ಇದೆ, ಎದೆಮಟ್ಟ. ಮರಿಗಳನ್ನ ಅದರ ಈಚೆ ಹಾಕಿ, ಗಾಳಿ ತಗಲೋಲ್ಲ. ಬೆಳಿಗ್ಗೆ ಬಿಸಿಲು ಮೊದಲು ಬೀಳೋದು ಈ ಮೂಲೆಗೆ. ಕೆಳಗೆ ನೀರಿದೆ, ಮೇಲೆ ಕಾಣಲ್ಲ, ಈ ಚಪ್ಪಡಿ ಸರಿಸಬೇಕು..." ಒಂದು ವರ್ಷದಲ್ಲಿ ಅವನು ಆಡುವಷ್ಟು ಮಾತನ್ನು ಒಂದೇ ಉಸಿರಿಗೆ ಆಡುತ್ತಿದ್ದ. ಅವನ ದನಿ ಒಂದೆರಡು ಕಡೆ ಒದ್ದೆಯಾಯಿತು. ಇಷ್ಟು ವರ್ಷ ತಾನು ಶಪಿಸಿದ ಆ ಕಲ್ಲುನೆಲವನ್ನು ಇವನು ಸದ್ದಿಲ್ಲದೆ ಸಾಕಿಕೊಂಡಿದ್ದನೆಂದು ಯಾಂಗ್ಕಿಗೆ ಅನಿಸಿತು. ಅವಳು ಕರೆಯಲಿಲ್ಲ. ಮುಗಿಯುವವರೆಗೂ ನಿಂತು ಕೇಳಿದಳು.

ನಡುಹಳ್ಳಕ್ಕೆ ಬಂದು ಕರಿಗುಡಾರ ಹಾಕಿ ಕೆಲವು ದಿನ ಕಳೆದಿತ್ತು. ಒಂದು ಮಧ್ಯಾಹ್ನ ಯಾಂಗ್ಕಿ ಹಳ್ಳದ ದಂಡೆಯಲ್ಲಿ ಬೆಣ್ಣೆ ತೊಳೆಯುತ್ತಿದ್ದಳು. ಏನೋ ಸರಿಯಿಲ್ಲ ಎನಿಸಿತು. ಕೈ ನಿಲ್ಲಿಸಿ ಕಿವಿಗೊಟ್ಟಳು. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಗಾಳಿಬೆನ್ನಿನಲ್ಲಿ ಬೆಳಗಿನಿಂದ ಕತ್ತಲಾಗುವವರೆಗೂ ಕಲ್ಲಿನ ಮೇಲೆ ಗೊರಸು ಸದ್ದು ಮಾಡುತ್ತಲೇ ಇರುತ್ತಿತ್ತು. ಒಂದು ಬಾಯಿ ಹುಲ್ಲಿಗಾಗಿ ನಾಲ್ಕು ಹೆಜ್ಜೆ, ಇನ್ನೊಂದು ಬಾಯಿಗೆ ಮತ್ತೆ ನಾಲ್ಕು. ಅಲ್ಲಿ ಮಂದೆ ನಡೆಯುತ್ತಲೇ ತಿನ್ನಬೇಕು. ಆ ಸದ್ದು ನಿಂತ ಮೇಲೆಯೇ ಅದು ಇಷ್ಟು ವರ್ಷ ಕಿವಿಯಲ್ಲಿತ್ತೆಂದು ಗೊತ್ತಾದದ್ದು.

ತಲೆಯೆತ್ತಿ ನೋಡಿದಳು. ಇಳಿಜಾರಿನಲ್ಲಿ ಮಂದೆಗೆ ಮಂದೆಯೇ ನೆಲಕ್ಕೆ ಬಿದ್ದಿತ್ತು. ಮೇಕೆ, ಕುರಿ, ಅತ್ತ ಯಾಕ್‌ಗಳು, ಒಂದೂ ನಿಂತಿಲ್ಲ.

"ಥರ್ಚಿನ್!" ಬೆಣ್ಣೆ ಕೈಯಿಂದ ಜಾರಿ ನೀರಿಗೆ ಬಿತ್ತು. "ವಿಷದ ಹುಲ್ಲು! ಓಡಿ ಬಾ!"

ಬೂಟು ಹಾಕಿಕೊಳ್ಳದೆ ಓಡಿದಳು. ಆ ಕಡೆಯಿಂದ ಥರ್ಚಿನ್ ಕವಣೆ ಹಿಡಿದುಕೊಂಡೇ ಓಡಿಬಂದ. ಇಬ್ಬರೂ ಒಟ್ಟಿಗೆ ಬಿಳಿ ಮೇಕೆಯ ಪಕ್ಕದಲ್ಲಿ ಮೊಣಕಾಲೂರಿದರು. ಥರ್ಚಿನ್ ಅದರ ಬಾಯಿ ಬಿಡಿಸಹೋದ. ಮೇಕೆ ಇದೇನು ಕಾಟ ಎಂಬಂತೆ ತಲೆ ಕೊಡವಿತು. ಸಣ್ಣದಾಗಿ ತೇಗಿತು. ಅದರ ಕತ್ತಿನೊಳಗೆ ಒಂದು ಉಂಡೆ ಕೆಳಗಿನಿಂದ ಮೇಲಕ್ಕೇರಿತು. ದವಡೆ ಅಡ್ಡಡ್ಡ ಆಡತೊಡಗಿತು.

ಥರ್ಚಿನ್ ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಪಕ್ಕದ ಕುರಿಯ ಹೊಟ್ಟೆಯ ಮೇಲೆ ಇಟ್ಟ. ಇನ್ನೊಂದರ ಮೇಲೆ.

"ಹೊಟ್ಟೆ ತುಂಬಿದೆ ಕಣೆ," ಎಂದ.

"ಹ್ಞಾಂ?"

"ಹೊಟ್ಟೆ ತುಂಬಿ ಮಲಗಿವೆ. ಮೆಲುಕು ಹಾಕ್ತಿವೆ." ಗಟ್ಟಿಯಾಗಿ ಅಂದರೆ ಎಲ್ಲಿ ಎದ್ದುಬಿಡುತ್ತವೋ ಎಂಬಂತೆ ಮೆತ್ತಗೆ ಅಂದ.

ಯಾಂಗ್ಕಿ ಮಂದೆಯ ನಡುವೆಯೇ ಕುಳಿತುಬಿಟ್ಟಳು. ತವರಿನಲ್ಲಿ ದಿನಾ ಮಧ್ಯಾಹ್ನ ಮಂದೆ ಹೀಗೇ ಮಲಗುತ್ತಿತ್ತಲ್ಲ! ಅಮ್ಮ ಆ ಹೊತ್ತಿಗೆ ಅವಳ ಜಡೆ ಹೆಣೆಯುತ್ತಿದ್ದಳು. ಅದು ಅವಳಿಗೆ ಪೂರ್ತಿ ಮರೆತೇ ಹೋಗಿತ್ತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು, ಒರೆಸಿದಷ್ಟೂ ಬಂತು. ಥರ್ಚಿನ್ನನಿಗೆ ಮಧ್ಯಾಹ್ನದ ಹೊತ್ತು ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟ, ನೆಲದ ಮೇಲಿಟ್ಟ. ಕೊನೆಗೆ ಬೂಟು ಕಳಚಿ ಅವಳ ಪಕ್ಕದಲ್ಲಿ ಕಾಲು ಚಾಚಿದ.

ಅವರ ಎದುರಿಗೆ ಒಂದು ಮರಿ ತಾಯಿಯ ಕೆಚ್ಚಲು ಬಿಟ್ಟು ಹಿಂದೆ ಸರಿಯಿತು. ನಾಲ್ಕೂ ಕಾಲು ಅಗಲಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿತು. ಅದರ ಬಾಯಂಚಿನಲ್ಲಿ ಒಂದು ಹನಿ ಹಾಲು ತೂಗುತ್ತಿತ್ತು. ಅದನ್ನು ನೆಕ್ಕಿಕೊಳ್ಳುವ ಅವಸರವೇ ಅದಕ್ಕಿರಲಿಲ್ಲ.